ಮಂಗಳವಾರವೇ ನೋಡಿದ್ದ ಸಿನಿಮಾ

ನನ್ನ ಹೆಂಡತಿಗೆ ರಜೆ ಭಾನುವಾರ, ನನಗೆ ಮಂಗಳವಾರ. ನಾನು ಕೆಲಸ ಮಾಡುವ ಪೀಣ್ಯದಲ್ಲಿ ಹಿಂದೆ ಕರೆಂಟ್ ಉಳಿಸಲು ಒಂದೊಂದು ಕಡೆಯ ಕಾರ್ಖಾನೆಗಳಿಗೆ ಒಂದೊಂದು ದಿನ ರಜೆ ಕೊಡುತ್ತಿದ್ದರಂತೆ. ಆ ತಾಪತ್ರಯ ಹೋಗಿ ಎಷ್ಟೋ ಕಾಲವಾದರೂ ನಮ್ಮ ಮಾಲೀಕರು ಮಂಗಳವಾರವನ್ನು ಬಿಟ್ಟಿಲ್ಲ. ಅವಳು ಹೋಗುವ ಗಾರ್ಮೆಂಟ್ಸಿನವರು ಭಾನುವಾರವನ್ನು ಬಿಡುವುದಿಲ್ಲ. ಹಾಗಾಗಿ ಲಗ್ಗೆರೆಯ ನಮ್ಮ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಇಡೀ ದಿನ ಒಟ್ಟಿಗೆ ಇರುವುದು ಹಬ್ಬ ಹರಿದಿನಗಳಲ್ಲಿ ಮಾತ್ರ.

ಮದುವೆಯಾದ ಹೊಸದರಲ್ಲೇ ಒಂದು ಏರ್ಪಾಡು ತಾನಾಗಿಯೇ ಆಯಿತು. ಭಾನುವಾರ ನನಗೆ ಮೊದಲನೇ ಶಿಫ್ಟ್ ಬಿದ್ದರೆ ಮಧ್ಯಾಹ್ನ ಎರಡಕ್ಕೆ ಬಿಡುತ್ತಿದ್ದರು. ಬಂದು, ಸ್ನಾನ ಮಾಡಿ, ಊಟ ಮುಗಿಸಿ ಇಬ್ಬರೂ ಸಂಜೆ ಆಟಕ್ಕೆ ಸಿನಿಮಾಗೆ ಹೋಗುವುದು. ಒಮ್ಮೆ ಅವಳ ಹೊಲಿಗೆ ಲೈನಿನ ಹೆಂಗಸರು ಹಬ್ಬದ ಮರುದಿನ ಸಿನಿಮಾಗೆ ಕರೆದಾಗ ಅವಳು, ನಮ್ಮನೆಯವರನ್ನು ಬಿಟ್ಟು ನಾನು ನೋಡುವುದಿಲ್ಲ ಎಂದುಬಿಟ್ಟಳಂತೆ. ಮನೆಗೆ ಬಂದು ಅದನ್ನು ನನಗೆ ಹೇಳಿದಳು. ಹೇಳುವಾಗ ಸ್ವಲ್ಪ ನಾಚಿಕೆ, ಸ್ವಲ್ಪ ಜಂಬ. ಆ ಜಂಬ ನನಗೂ ಹಿಡಿಸಿತು. ಅಂದಿನಿಂದ ಅವಳಿಲ್ಲದೆ ನಾನು ಥಿಯೇಟರಿನ ಮೆಟ್ಟಿಲು ಹತ್ತಿರಲಿಲ್ಲ.

ಅವಳು ಆನೇಕಲ್ ಕಡೆಯವಳು, ಪಿಯುಸಿ ಓದಿದವಳು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮದುವೆಯಾದ ಮೇಲೆ, ಮೂವತ್ತು ದಾಟಿದ ಮೇಲೆ, ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಿದ್ದು ಅವಳೇ. ಎರಡನೇ ಶಿಫ್ಟ್ ಇದ್ದ ದಿನಗಳಲ್ಲಿ ಬೆಳಗ್ಗೆ ಅವಳು ಕೆಲಸಕ್ಕೆ ಹೊರಡುವ ಮುಂಚೆ ಪುಸ್ತಕದಲ್ಲಿ ಗುರುತು ಹಾಕಿಟ್ಟು ಹೋಗುತ್ತಿದ್ದಳು. ಓದದೆ ಓದಿದೆ ಎಂದರೆ ನನ್ನ ಮುಖ ನೋಡಿಯೇ ಹಿಡಿದುಬಿಡುತ್ತಿದ್ದಳು. ಆದ್ದರಿಂದ ಅವಳ ಮುಂದೆ ನನಗೆ ಸುಳ್ಳು ಬರುವುದೇ ಇಲ್ಲ ಎಂದು ನಾನು ನಂಬಿದ್ದೆ. ಹಾಗೆ ನಂಬಿಕೊಂಡವನಿಗೆ ಸುಳ್ಳು ಎಷ್ಟು ಸಲೀಸಾಗಿ ಬಂತು ಎನ್ನುವುದನ್ನೇ ಈಗ ಬರೆಯುತ್ತಿದ್ದೇನೆ.

ನಾನು ಲೇತ್ ಮೆಷಿನ್ ಆಪರೇಟರ್. ಕಂಪ್ಯೂಟರ್ ಹೇಳಿದ ಹಾಗೆ ತಾನೇ ತಿರುಗಿ ತಾನೇ ಕೊರೆಯುವ ಮೆಷಿನ್. ನಾನು ಕೊಟ್ಟ ಪೀಸುಗಳಿಗೆ ಗೇಜ್ ಹಾಕಿ ಸರಿಯೋ ತಪ್ಪೋ ನೋಡುವ ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ ಒಬ್ಬ ಹೆಂಗಸು ಕೂರುತ್ತಾಳೆ. ಆಕೆಯ ಮನೆ ರಾಜಗೋಪಾಲನಗರದಲ್ಲಿ. ಗಂಡ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಾನೆ, ಸ್ಕೂಲಿಗೆ ಹೋಗುವ ಒಬ್ಬ ಮಗಳಿದ್ದಾಳೆ. ನನಗಿಂತ ಚಿಕ್ಕವಳು, ಅಣ್ಣ ಎಂದೇ ಕರೆಯುತ್ತಿದ್ದಳು. ನನ್ನ ಪೀಸು ರಿಜೆಕ್ಟ್ ಆದರೆ ಅದನ್ನು ಕಿವಿಯ ಹತ್ತಿರ ಹಿಡಿದುಕೊಂಡು, "ಅಣ್ಣ, ಇದು ರಾತ್ರಿ ನಿದ್ದೆ ಬಂದಿಲ್ಲ ಅಂತಿದೆ," ಎನ್ನುತ್ತಿದ್ದಳು. ಆಕೆ ಬಂದ ಮೇಲೆ ನಮ್ಮ ಶೆಡ್ಡಿನಲ್ಲಿ ನಗು ಜಾಸ್ತಿಯಾಗಿತ್ತು.

ಒಂದು ಮಂಗಳವಾರ ಹೊತ್ತೇರಿದ ಮೇಲೆ ಆಕೆಯ ಫೋನ್ ಬಂತು. ಗಂಡನ ಜೊತೆ ಹೋಗಲು ಎರಡು ಟಿಕೆಟ್ ಬುಕ್ ಮಾಡಿದ್ದಳು. ಅವನಿಗೆ ಏರ್‌ಪೋರ್ಟ್ ಡ್ಯೂಟಿ ಬಿತ್ತು. ಯಾರನ್ನಾದರೂ ಕರೆದುಕೊಂಡು ಹೋಗು, ಸುಮ್ಮನೆ ವೇಸ್ಟ್ ಯಾಕೆ ಎಂದು ಅವನೇ ಹೇಳಿದನಂತೆ. ಹತ್ತಿರದಲ್ಲಿ ಇರುವವರು, ರಜೆಯೂ ಇರುವವರು ಎಂದರೆ ನಾನೇ. ಕೊನೆಯಲ್ಲಿ ಆಕೆ ಹೇಳಿದ ಮಾತು ಸರಿಯಾಗಿ ನೆನಪಿದೆ: "ಅಕ್ಕಂಗೆ ಒಂದ್ ಮಾತು ಹೇಳಿ ಬನ್ನಿ ಅಣ್ಣ."

ಹೂಂ ಎಂದೆ. ಆದರೆ ಹೇಳುವುದು ಹೇಗೆ? ಗಾರ್ಮೆಂಟ್ಸಿನಲ್ಲಿ ಒಳಗೆ ಹೋಗುವಾಗಲೇ ಫೋನ್ ಲಾಕರಿನಲ್ಲಿ ಇಡಬೇಕು. ಸಂಜೆ ಹೇಳಿದರಾಯಿತು ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಭಾನುವಾರದ ಸಿನಿಮಾಗೆ ಹಾಕುವ ಅಂಗಿ ಅದು. ಅದನ್ನು ಯಾಕೆ ತೆಗೆದೆ ಎಂದು ಆಗ ಕೇಳಿಕೊಳ್ಳಲಿಲ್ಲ.

ಸಿನಿಮಾ ಗಂಡ ಹೆಂಡಿರ ತಮಾಷೆಯದು. ಮನೆಮನೆಗೆ ನೀರಿನ ಫಿಲ್ಟರ್ ರಿಪೇರಿ ಮಾಡುವ ಒಬ್ಬ ಗಂಡ. ಒಳ್ಳೆಯ ಹೆಂಡತಿ ಇದ್ದೂ, ಫಿಲ್ಟರ್ ಸರಿಮಾಡಲು ಹೋದ ಮನೆಯ ಹೆಂಗಸಿನ ಮೇಲೆ ಮನಸ್ಸು ಮಾಡುತ್ತಾನೆ. ಚೆನ್ನಾಗಿರುವ ಫಿಲ್ಟರನ್ನು ವಾರಕ್ಕೊಂದು ಸಲ ತಾನೇ ಕೆಡಿಸಿ ಬರುತ್ತಾನೆ. ಆ ಇಬ್ಬರು ಹೆಂಗಸರಿಗೂ ರವಿಕೆ ಹೊಲಿಯುವ ಟೈಲರ್ ಒಬ್ಬನೇ. ಅವನು ಒಬ್ಬರ ಪೊಟ್ಟಣವನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾನೆ, ಹಾಗೆ ಅವರಿಬ್ಬರೂ ಪರಿಚಯವಾಗಿ ಗೆಳತಿಯರಾಗುತ್ತಾರೆ. ಒಂದು ದಿನ ಹೆಂಡತಿ ರವಿಕೆ ಬದಲಾಯಿಸಿಕೊಳ್ಳಲು ಆ ಮನೆಗೇ ಬರುತ್ತಾಳೆ. ಗಂಡ ಹೆದರಿ ಅಟ್ಟ ಹತ್ತಿ ಕೂರುತ್ತಾನೆ. ಹೆಂಡತಿ ಕೆಳಗೆ ಕೂತು ಕಾಫಿ ಕುಡಿಯುತ್ತಾ ಗಂಡನಿಗೆ ಫೋನ್ ಮಾಡುತ್ತಾಳೆ. ಅವನ ಫೋನಿನ ರಿಂಗ್‌ಟೋನ್ ಅವಳದೇ ದನಿ. "ರೀ, ಎಲ್ಲಿದೀರಾ?" ಎಂದು ಅಟ್ಟದ ಮೇಲಿಂದ ಅವಳದೇ ದನಿ ಅವಳನ್ನು ಕೇಳುತ್ತದೆ. ಅಲ್ಲಿಗೆ ಇಂಟರ್‌ವಲ್.

ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿ ಆಕೆಯೂ ನಕ್ಕಳು. ಆಕೆ ನಗುವ ರೀತಿಯೇ ಬೇರೆ. ಮೊದಲು ಸದ್ದಿರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಆಮೇಲೆ ಒಮ್ಮೆಲೇ ಸದ್ದು ಬಂದು ಮುಂದಿನ ಸೀಟಿನ ಬೆನ್ನಿಗೆ ಕೈಯಲ್ಲಿ ಬಡಿಯುತ್ತಾಳೆ. ಮುಂದೆ ಕೂತಿದ್ದವನು ತಿರುಗಿ ನೋಡಿದರೆ, ಸಾರಿ ಅಣ್ಣ ಎಂದು ಇನ್ನೂ ನಗುತ್ತಾಳೆ. ನನ್ನ ಹೆಂಡತಿ ನಗುವುದು ಸೆರಗನ್ನು ಬಾಯಿಗೆ ಒತ್ತಿಕೊಂಡು. ಸಿನಿಮಾ ಬಿಟ್ಟ ಮೇಲೆ ಆಕೆ ಮಗಳನ್ನು ಸ್ಕೂಲಿನಿಂದ ಕರೆತರಬೇಕು ಎಂದು ಓಡಿದಳು. ನಾನು ನಡೆದುಕೊಂಡೇ ಮನೆಗೆ ಬಂದೆ. ನಡೆದದ್ದು ಇಷ್ಟೇ. ಆದರೆ ದಾರಿಯುದ್ದಕ್ಕೂ ನಾನು ಒಬ್ಬನೇ ನಗುತ್ತಿದ್ದೆ, ಅದು ಅಟ್ಟದ ಸೀನು ನೆನಪಾಗಿ ಮಾತ್ರ ಬಂದ ನಗುವಲ್ಲ. ಇದನ್ನು ಯಾರಿಗೂ ಹೇಳಿಲ್ಲ.

ಸಂಜೆ ಹೆಂಡತಿ ಬಂದಾಗ ಹೇಳಲು ಮಾತು ಜೋಡಿಸಿಕೊಂಡಿದ್ದೆ. ಅವಳು ಚಪ್ಪಲಿ ಬಿಡುತ್ತಲೇ, ಲೈನಿನವರೆಲ್ಲ ಅದೇ ಸಿನಿಮಾದ ಸುದ್ದಿ ಹೇಳುತ್ತಿದ್ದಾರೆ, ಕಥೆ ಹೇಳಬೇಡಿ ಎಂದು ಕಿವಿ ಮುಚ್ಚಿಕೊಂಡು ಊಟ ಮಾಡಿದೆ, ಈ ಭಾನುವಾರ ಹೋಗಲೇಬೇಕು ಎಂದಳು. ಆಗ ಹೇಳಿಬಿಟ್ಟಿದ್ದರೆ ಒಂದು ಗಳಿಗೆ ಅವಳ ಮುಖ ಸಣ್ಣಗಾಗುತ್ತಿತ್ತು, ಅಷ್ಟೇ. ಆ ಸಣ್ಣ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಆಯಿತು, ಹೋಗೋಣ ಎಂದೆ.

ಭಾನುವಾರ ಅದೇ ಥಿಯೇಟರ್, ಅದೇ ಅಂಗಿ. ನಮ್ಮ ಕೆಲಸದಲ್ಲಿ ಒಂದು ಸಂಗತಿ ಇದೆ. ಮೆಷಿನ್ ಒಂದು ಪೀಸು ಮುಗಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಆಪರೇಟರ್ ಗಡಿಯಾರ ನೋಡುವುದಿಲ್ಲ. ಸದ್ದು ಬದಲಾಗುವುದು ಮೈಗೆ ಗೊತ್ತಾಗುತ್ತದೆ. ಕೊರೆಯುವ ಟೂಲ್ ಹಿಂದಕ್ಕೆ ಬರುವ ಮುಂಚೆಯೇ ಕೈ ಮೆಷಿನ್ ಬಾಗಿಲಿನ ಹಿಡಿಯ ಮೇಲಿರುತ್ತದೆ. ಯಾರೊಡನೆ ಮಾತಾಡುತ್ತಿದ್ದರೂ ಕೈ ತಪ್ಪುವುದಿಲ್ಲ. ಈ ಅಭ್ಯಾಸ ಕಾರ್ಖಾನೆಯ ಗೇಟಿನಲ್ಲಿ ಕಳಚಿಕೊಳ್ಳುತ್ತದೆ ಎಂದುಕೊಂಡಿದ್ದೆ.

ಮೊದಲ ಒಂದು ಗಂಟೆ ಬಹಳ ಎಚ್ಚರದಿಂದ ಕೂತೆ. ಜನ ನಕ್ಕ ಮೇಲೆ ನಕ್ಕೆ. ಆಶ್ಚರ್ಯಪಡುವ ಕಡೆ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದೆ. ಗಂಡ ಅಟ್ಟ ಹತ್ತಿದ. ಹೆಂಡತಿ ಕಾಫಿ ಲೋಟ ಕೆಳಗಿಟ್ಟು ಚೀಲದಲ್ಲಿ ಕೈ ಹಾಕಿದಳು. ಇನ್ನೂ ಫೋನ್ ಹೊರಗೆ ಬಂದಿರಲಿಲ್ಲ. ಇಡೀ ಥಿಯೇಟರ್ ಉಸಿರು ಬಿಗಿಹಿಡಿದಿತ್ತು. ಆ ನಿಶ್ಶಬ್ದದಲ್ಲಿ ನಾನೊಬ್ಬನೇ ಗಟ್ಟಿಯಾಗಿ ನಕ್ಕೆ.

ನಕ್ಕ ಮೇಲೆ ರಿಂಗ್‌ಟೋನ್ ಬಂತು. ಜನ ಆಗ ನಕ್ಕರು. ನಾನು ಪಕ್ಕಕ್ಕೆ ತಿರುಗಲಿಲ್ಲ.

ಇಂಟರ್‌ವಲ್ಲಿನಲ್ಲಿ ಪಾಪ್‌ಕಾರ್ನ್ ಬೇಕಾ ಎಂದು ಕೇಳಿದರೆ ಬೇಡ ಎಂದಳು. ದೀಪ ಆರಿ ಸಿನಿಮಾ ಮತ್ತೆ ಶುರುವಾಯಿತು. ಗಂಡನ ಗುಟ್ಟು ಬಯಲಾಗುವ ಹೊತ್ತಿಗೆ, ಸುತ್ತ ಎಲ್ಲರೂ ನಗುತ್ತಿರುವಾಗ, ಅವಳು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು.

"ರೀ, ಇವಳು ಅವನನ್ನ ಬಿಡ್ತಾಳಾ, ಇಲ್ಲ ಒಪ್ಕೊತಾಳಾ? ಬಿಡೋದಾದ್ರೆ ಕೂತ್ಕೊತೀನಿ. ಒಪ್ಕೊಳೋದಾದ್ರೆ ಈಗ್ಲೇ ಎದ್ದೋಗಾಣ, ಬಟ್ಟೆ ನೆನೆಸಿಟ್ಟು ಬಂದಿವ್ನಿ."

ತಮಾಷೆಯ ದನಿಯಲ್ಲೇ ಕೇಳಿದಳು. ನಿಜ ಹೇಳಲು ನನಗೆ ಬಾಗಿಲು ತೆರೆದು ಹಿಡಿದಿದ್ದಳು. ಅದು ಗೊತ್ತಾಗಿಯೂ ನಾನು, "ನಂಗೇನ್ ಗೊತ್ತು?" ಎಂದೆ.

"ಅಂಗಾ," ಎಂದು ನೆಟ್ಟಗೆ ಕೂತಳು. ಕೊನೆಯವರೆಗೂ ಕೂತಳು. ಸಿನಿಮಾದ ಹೆಂಡತಿ ಹಾಡೊಂದರಲ್ಲಿ ಕುಣಿಯುತ್ತಾ ಗಂಡನನ್ನು ಕ್ಷಮಿಸಿದಳು, ಜನ ಶಿಳ್ಳೆ ಹೊಡೆದರು.

ಬಸ್ ಸ್ಟಾಪಿನಲ್ಲಿ ಅವಳು ನೇರವಾಗಿ ಕೇಳಿದಳು, ಯಾರ ಜೊತೆ ನೋಡಿದ್ರಿ ಎಂದು. ಇನ್ನು ಮುಚ್ಚಿಡುವಂತಿರಲಿಲ್ಲ. ಆದರೂ ಪೂರ್ತಿ ಬಾಯಿ ಬಿಡಲಾಗಲಿಲ್ಲ. ಫ್ಯಾಕ್ಟರಿಯ ಹುಡುಗರು ಎಳೆದುಕೊಂಡು ಹೋದರು ಎಂದೆ. ಹೇಳಿದ್ದರೆ ನಾನೇನು ಬೇಡ ಅಂತಿದ್ದೆನಾ ಎಂದಳು. ಬಸ್ಸಿನಲ್ಲಿ ಸೀಟು ಸಿಕ್ಕಾಗ ಕಿಟಕಿಯ ಪಕ್ಕ ನನ್ನನ್ನು ಕೂರಿಸಿದಳು. ಮಾರನೆಯ ದಿನ ಡಬ್ಬಿಗೆ ನನಗಿಷ್ಟದ ಚಿತ್ರಾನ್ನ ಹಾಕಿದ್ದಳು. ನಾನು ನಾಚಿಕೊಳ್ಳದಿರಲಿ ಎಂದು ಅವಳು ಹಾಗೆ ಮಾಡಿದ್ದು. ಆ ಚಿತ್ರಾನ್ನವನ್ನು ಪಕ್ಕದ ಮೆಷಿನ್ನಿನವನಿಗೆ ಕೊಟ್ಟುಬಿಟ್ಟೆ.

ಹಾಗೆಯೇ ಮರೆತುಹೋಗುತ್ತಿತ್ತೇನೋ. ಆದರೆ ಆಯುಧಪೂಜೆ ಹತ್ತಿರ ಬರುತ್ತಿತ್ತು. ನಮ್ಮ ಕಾರ್ಖಾನೆಯಲ್ಲಿ ಆ ದಿನ ಎಲ್ಲರ ಮನೆಯವರೂ ಬರುತ್ತಾರೆ. ಹೆಂಡತಿ ಅವತ್ತು ಬಂದರೆ ಇನ್‌ಸ್ಪೆಕ್ಷನ್ನಿನ ಆಕೆ ಸಿಕ್ಕೇ ಸಿಗುತ್ತಾಳೆ, ಸಿನಿಮಾದ ಮಾತು ಬಂದೇ ಬರುತ್ತದೆ. ಹುಡುಗರ ಜೊತೆ ಎಂದು ಹೇಳಿದ್ದು ಅಲ್ಲಿಗೆ ಮುಗಿಯುತ್ತದೆ. ಹೆಂಡತಿಗೆ ನಿಜ ಹೇಳುವುದು ಬಿಟ್ಟು ನಾನು ಇನ್ನೊಂದು ದಾರಿ ಹಿಡಿದೆ.

ಊಟದ ಹೊತ್ತಿನಲ್ಲಿ ಆಕೆಯ ಟೇಬಲ್ಲಿನ ಹತ್ತಿರ ಹೋಗಿ, ಆವತ್ತು ನಾವಿಬ್ಬರು ಸಿನಿಮಾಗೆ ಹೋದದ್ದನ್ನು ನಮ್ಮ ಮನೆಯವಳ ಮುಂದೆ ಹೇಳುವುದು ಬೇಡ ಎಂದೆ. ಗೇಜ್ ಒರೆಸುತ್ತಿದ್ದ ಆಕೆಯ ಕೈ ನಿಂತಿತು.

"ಅಕ್ಕಂಗೆ ಹೇಳ್ಲಿಲ್ವಾ?"

ಹೇಳಲು ಆಗಲಿಲ್ಲ ಎಂದೆ.

"ನಾನು ನಮ್ಮನೆಯವರಿಗೆ ಅವತ್ತೇ ಸಾಯಂಕಾಲ ಎಲ್ಲಾ ಹೇಳ್ದೆ. ನಿನ್ನ ಫ್ಯಾಕ್ಟರಿ ಅಣ್ಣನೂ ನಕ್ರಾ ಅಂತ ಕೇಳಿದ್ರು. ಮುಚ್ಚಿಡೋ ಅಂಥದ್ದು ನಾನೇನ್ ಮಾಡಿದೀನಿ?" ಗೇಜನ್ನು ಟೇಬಲ್ಲಿನ ಮೇಲಿಟ್ಟು, ತಗ್ಗಿದ ದನಿಯಲ್ಲಿ, "ನೀವು ಮನಸ್ಸಲ್ಲಿ ಏನಿಟ್ಕೊಂಡು ಬಂದಿದ್ರಿ ಅಂತ ಈಗ ನಾನು ಯೋಚನೆ ಮಾಡ್ಬೇಕು ಸಾರ್."

ಸಾರ್ ಎಂದಳು. ಮೂರು ವರ್ಷ ಅಣ್ಣ ಎಂದವಳು. ಅಂಥದ್ದೇನೂ ಇಲ್ಲ ಎನ್ನಲು ಬಾಯಿ ತೆರೆದೆ, ಆದರೆ ನಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ನಕ್ಕದ್ದು ನೆನಪಾಯಿತು. ಸುಮ್ಮನೆ ಮೆಷಿನ್ ಹತ್ತಿರ ಬಂದೆ. ಗೌರವಸ್ಥ ಹೆಂಗಸು ಒಂದು ಟಿಕೆಟ್ ವೇಸ್ಟ್ ಆಗದಿರಲಿ ಎಂದು ಕರೆದದ್ದನ್ನು ನಾನೇ ಕಳ್ಳ ವಿಷಯ ಮಾಡಿದ್ದೆ.

ಆಯುಧಪೂಜೆಗೆ ಮುಂಚಿನ ಭಾನುವಾರ ಮೊದಲನೇ ಶಿಫ್ಟ್ ಮುಗಿಸಿ ಮನೆಗೆ ಬಂದೆ. ಹೆಂಡತಿ ಬಾಗಿಲ ಹತ್ತಿರದ ಬೆಳಕಿನಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಕೈಕಾಲು ತೊಳೆಯದೆ ಅವಳ ಎದುರು ಕೂತು ಎಲ್ಲವನ್ನೂ ಹೇಳಿದೆ. ಫೋನ್ ಬಂದದ್ದು, ಅಂಗಿ, ಬಸ್ ಸ್ಟಾಪಿನ ಸುಳ್ಳು, ಆಕೆಯನ್ನು ಸುಮ್ಮನಿರಿ ಎಂದು ಕೇಳಿಕೊಂಡದ್ದು. ಫೋನಿನಲ್ಲಿ ಇದನ್ನು ಬರೆಯುವಾಗ ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತೇನೆ, ಅಷ್ಟರಲ್ಲಿ ಮುಂದಿನ ಮಾತು ಮರೆತುಹೋಗುತ್ತದೆ. ಆ ಮಧ್ಯಾಹ್ನದ್ದು ಮಾತ್ರ ಒಂದೂ ಮರೆಯುವುದಿಲ್ಲ.

ಮುಗಿದ ಮೇಲೆ, "ಆಯಮ್ಮನ ಗಂಡಂಗೆ ಗೊತ್ತಾ?" ಎಂದಳು.

"ಗೊತ್ತು. ಅವನೇ ಯಾರನ್ನಾದ್ರೂ ಕರ್ಕೊಂಡೋಗು ಅಂದಿದ್ದು."

"ಅಂಗಾರೆ ಗೊತ್ತಿಲ್ದೆ ಇದ್ದೋಳು ನಾನೊಬ್ಳೇ."

ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. ಜಗಳ ಆಡುತ್ತಾಳೆ ಎಂದು ಕಾದೆ. ಜಗಳ ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಕೇಳಿದ್ದು ಬೇರೆ.

"ಆಯಮ್ಮ ಚೆನ್ನಾಗಿ ನಗ್ತಾಳಾ?"

ಹೂಂ ಎಂದೆ.

"ಎಲ್ಲೆಲ್ಲಿ ನಕ್ಳು ಅಂತ ಏಳಿ."

ಇನ್ನು ಯಾವುದನ್ನೂ ಮುಚ್ಚಿಡಬಾರದು ಎಂದು ನಿರ್ಧರಿಸಿದ್ದೆ. ಆದ್ದರಿಂದ ಪಾಠ ಒಪ್ಪಿಸುವವನ ಹಾಗೆ ಹೇಳತೊಡಗಿದೆ. ಫಿಲ್ಟರಿನೊಳಗೆ ಆ ಗಂಡ ಅಡಕೆ ಚೂರು ಹಾಕಿ ಕೆಡಿಸುವಾಗ ನಕ್ಕಳು. ಟೈಲರ್ ಇಬ್ಬರ ಅಳತೆಯನ್ನೂ ಬಾಯಿಪಾಠ ಹೇಳುವಾಗ ನಕ್ಕಳು. ಅಟ್ಟದ ಸೀನಿನಲ್ಲಿ ಮುಂದಿನ ಸೀಟಿಗೆ ಬಡಿದಳು, ಅಲ್ಲಿ ಕೂತಿದ್ದವನು ತಿರುಗಿ ನೋಡಿದ. ಅಟ್ಟದಿಂದ ಇಳಿಯುವಾಗ ಆ ಗಂಡನ ಮೈಗೆಲ್ಲ ಹಳೇ ಹುಣಸೆಹಣ್ಣು ಅಂಟಿಕೊಂಡಿರುತ್ತಲ್ಲ, ಅಲ್ಲಿ ನಕ್ಕು ನಕ್ಕು ಆಕೆಯ ಕಣ್ಣಲ್ಲಿ ನೀರು ಬಂತು. ಒಂದೂ ಬಿಡದೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಮುಖದಲ್ಲೂ ನಗು ಬಂದಿತ್ತು. ಅವಳ ಕೈ ಸೊಪ್ಪಿನ ಮೇಲೆ ಸುಮ್ಮನೆ ಇರುವುದನ್ನು ನೋಡಿ ನಿಲ್ಲಿಸಿದೆ.

"ನಾನೆಲ್ಲಿ ನಕ್ಕೆ?" ಎಂದಳು.

ಹುಡುಕಿದೆ. ಆ ಭಾನುವಾರ ಪೂರ್ತಿ ನಾನು ಸಿನಿಮಾವನ್ನೂ ನೋಡಿರಲಿಲ್ಲ, ಅವಳನ್ನೂ ನೋಡಿರಲಿಲ್ಲ. ನನ್ನ ಮುಖವನ್ನು ನಾನೇ ಕಾಯುತ್ತಾ ಕೂತಿದ್ದೆ. ಬಾಯಿಗೆ ಬಂದದ್ದನ್ನು ಹೇಳಿದೆ, ಅಟ್ಟದ ಸೀನಿನಲ್ಲಿ ಎಂದು.

"ಅಲ್ಲಿ ನಕ್ಕಿದ್ದು ನೀವು. ನಾನು ನಿಮ್ಮನ್ನೇ ನೋಡ್ತಿದ್ದೆ."

ಎದ್ದು ಸೊಪ್ಪಿನ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಗ್ಗರಣೆಯ ಸದ್ದು ಬಂತು. ಊಟಕ್ಕೆ ಕರೆದಳು, ಬಡಿಸಿದಳು. ಆ ವಾರ ಮಾತೂ ಆಡಿದಳು, ಗ್ಯಾಸ್ ಮುಗಿದದ್ದು, ಮೇಲಿನ ಮನೆಯವರ ನೀರು ಸೋರುವುದು, ಇಂಥ ಮಾತು. ನಾನು ತಪ್ಪಾಯಿತು ಎಂದಾಗ, ಗೊತ್ತು ಬಿಡಿ ಎಂದಳು. ಎಷ್ಟು ಸಲ ಹೇಳಿದರೂ ಅದೇ, ಗೊತ್ತು ಬಿಡಿ.

ಆಯುಧಪೂಜೆಗೆ ಬರುವುದಿಲ್ಲ ಎಂದುಕೊಂಡಿದ್ದೆ. ಒಳ್ಳೆಯ ಸೀರೆ ಉಟ್ಟು ಬಂದಳು. ನಾನು ನನ್ನ ಮೆಷಿನ್ನಿಗೆ ವಿಭೂತಿ ಬಳಿದು ಬಾಳೆಕಂದು ಕಟ್ಟುತ್ತಿರುವಾಗ ಅವಳು ತಾನಾಗಿಯೇ ಇನ್‌ಸ್ಪೆಕ್ಷನ್ ಟೇಬಲ್ಲಿನ ಹತ್ತಿರ ಹೋಗಿ ಆಕೆಯನ್ನು ಮಾತಾಡಿಸಿದಳು. ಇಬ್ಬರೂ ಕಡಲೆಪುರಿ ತಿನ್ನುತ್ತಾ ಬಹಳ ಹೊತ್ತು ಕೂತಿದ್ದರು. ಏನು ಮಾತಾಡಿದರು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ದಾರಿಯಲ್ಲಿ ಒಂದೇ ಮಾತು ಹೇಳಿದಳು: ಆಯಮ್ಮ ಒಳ್ಳೆಯವಳು, ಅವಳ ಹತ್ತಿರ ತಪ್ಪಾಯಿತು ಅನ್ನಿ ಎಂದು. ಹಬ್ಬ ಮುಗಿದು ಕೆಲಸ ಶುರುವಾದ ದಿನವೇ ಹೇಳಿದೆ. ಆಕೆ, "ಬಿಡಿ ಸಾರ್," ಎಂದು ಪೀಸಿಗೆ ಗೇಜ್ ಹಾಕಿದಳು. ಈಗಲೂ ಸಾರ್ ಎಂದೇ ಕರೆಯುತ್ತಾಳೆ. ನನ್ನ ಪೀಸು ರಿಜೆಕ್ಟ್ ಆದರೆ ಮಾತಿಲ್ಲದೆ ಕೆಂಪು ಡಬ್ಬಿಗೆ ಹಾಕುತ್ತಾಳೆ.

ಹೆಂಡತಿ ನನ್ನ ಜೊತೆ ಮತ್ತೆ ಸಿನಿಮಾಗೆ ಬರುತ್ತಾಳೋ ಇಲ್ಲವೋ ಎನ್ನುವುದೇ ನನಗೆ ಉಳಿದಿದ್ದ ಚಿಂತೆ. ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಎಷ್ಟೋ ಭಾನುವಾರ ಹಾಗೇ ಕಳೆದವು. ಅವಳ ಲೈನಿನವರು ಕರೆದಾಗ ಒಂದು ಸಲ ಅವರ ಜೊತೆ ಹೋಗಿಬಂದಳು. ಹೋಗುವ ಮುಂಚೆ ನನಗೆ ಹೇಳಿಯೇ ಹೋದಳು. ನಾನು ಅನ್ನ ಮಾಡಿ ಕಾದೆ. ಚೆನ್ನಾಗಿತ್ತಾ ಎಂದರೆ, ಚೆನ್ನಾಗಿತ್ತು ಎಂದಳು. ಕಥೆ ಹೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ನಾನು ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ತಯಾರಾಗಿ ಕೂತಿದ್ದಳು. "ನಡೀರಿ, ಒಸ ಪಿಕ್ಚರ್ ಬಂದೈತೆ," ಎಂದಳು. ನಾನು ಸ್ನಾನ ಮಾಡಿ ಬೇರೆ ಅಂಗಿ ಹಾಕಿಕೊಂಡು ಹೊರಟೆ.

ಥಿಯೇಟರಿನಲ್ಲಿ ದೀಪ ಆರಿದ ಮೇಲೆ ನಾನು ತೆರೆಯ ಕಡೆ ನೋಡಲೇ ಇಲ್ಲ. ಈ ಸಲ ಒಂದೂ ತಪ್ಪಬಾರದು, ಅವಳು ನಗುವ ಪ್ರತಿಯೊಂದು ಕಡೆಯನ್ನೂ ನೆನಪಿಟ್ಟುಕೊಳ್ಳಬೇಕು ಎಂದು ಅವಳ ಮುಖವನ್ನೇ ನೋಡುತ್ತಾ ಕೂತೆ. ತೆರೆಯ ಬೆಳಕು ಅವಳ ಕೆನ್ನೆಯ ಮೇಲೆ ನೀಲಿಯಾಗುತ್ತಿತ್ತು, ಹಳದಿಯಾಗುತ್ತಿತ್ತು. ಸೆರಗು ಮಡಿಲಲ್ಲೇ ಇತ್ತು. ಸುಮಾರು ಹೊತ್ತಾದ ಮೇಲೆ ಅವಳು ತಿರುಗದೆಯೇ ಹೇಳಿದಳು.

"ಪಿಕ್ಚರ್ ನೋಡಿ. ಇಂಗೆ ನೋಡ್ತಿದ್ರೆ ಯಾರಿಗ್ ನಗು ಬರ್ತೈತೆ?"

ತೆರೆಯ ಕಡೆ ತಿರುಗಿದೆ. ಅಷ್ಟರಲ್ಲಿ ಕಥೆ ಎಲ್ಲೋ ಹೋಗಿತ್ತು, ಯಾರು ಯಾರಿಗೆ ಏನಾಗಬೇಕು ಎನ್ನುವುದೇ ನನಗೆ ತಿಳಿಯಲಿಲ್ಲ. ಜನರೂ ಅಷ್ಟಾಗಿ ನಗುತ್ತಿರಲಿಲ್ಲ. ಆವತ್ತು ಅವಳು ಒಂದು ಸಲವೂ ನಗಲಿಲ್ಲ. ಸಿನಿಮಾ ಚೆನ್ನಾಗಿರಲಿಲ್ಲ ಎಂದು ಬಸ್ಸಿನಲ್ಲಿ ಅವಳೇ ಹೇಳಿದಳು. ಅದು ನಿಜವೇ ಇರಬಹುದು. ನಾನು ನೋಡಿರಲಿಲ್ಲವಾದ್ದರಿಂದ ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ.